ಗುಲಾಮಗಿರಿಯ ಸ್ಮರಣೆ ಮತ್ತು ಸಮುದಾಯ ಸಾಂತ್ವನ

ಅಟ್ಲಾಂಟಿಕ್ ಗುಲಾಮ ವ್ಯಾಪಾರಕ್ಕೂ ಅದರ ಬೆನ್ನಿಗೇ ಬಂದ ವರ್ಣಭೇದದ ಹಿಂಸೆಗೂ ತುತ್ತಾದವರನ್ನು ಸಾರ್ವಜನಿಕವಾಗಿ ನೆನೆಯುವುದು, ಅವರ ವಂಶಸ್ಥರ ನೋವಿಗೆ ಮನ್ನಣೆ ಕೊಡುವುದು, ಆದ ಅನ್ಯಾಯಕ್ಕೆ ಪರಿಹಾರ ಹುಡುಕುವುದು ಇವೆಲ್ಲ ಈ ವಿಷಯದ ವ್ಯಾಪ್ತಿಗೆ ಬರುತ್ತವೆ. ಸ್ಮಾರಕ, ವಸ್ತುಸಂಗ್ರಹಾಲಯ, ಸ್ಮರಣೆಯ ದಿನ, ಕ್ಷಮಾಪಣೆಯ ನಿರ್ಣಯ, ಸತ್ಯಶೋಧನಾ ಆಯೋಗ, ವಂಶಸ್ಥರ ಸಂವಾದ ಕೂಟ, ಹಣದ ಪರಿಹಾರ ಹೀಗೆ ಅದರ ರೂಪಗಳು ಹಲವು. ಈ ಕೆಲಸ ಹೆಚ್ಚು ವ್ಯಾಪಕವಾಗಿ ನಡೆದಿರುವ ಅಮೆರಿಕ ಸಂಯುಕ್ತ ಸಂಸ್ಥಾನಕ್ಕೆ ಇಲ್ಲಿ ಹೆಚ್ಚಿನ ಗಮನ ಕೊಟ್ಟಿದೆ. ಆಫ್ರಿಕ, ಯೂರೋಪು, ಬ್ರೆಜಿಲ್ ಹಾಗೂ ಹಿಂದೂ ಮಹಾಸಾಗರ ವಲಯವನ್ನು ಸಂಕ್ಷೇಪವಾಗಿ ಪರಿಚಯಿಸಿದೆ.

ಎಲ್ಲ ಕಡೆಯೂ ಮೂರು ಬೇಡಿಕೆಗಳು ಮತ್ತೆ ಮತ್ತೆ ಎದುರಾಗುತ್ತವೆ: ಸತ್ತವರ ಹೆಸರು ತಿಳಿಯಬೇಕು, ಘಟನೆ ನಡೆದ ಜಾಗ ಗುರುತಾಗಬೇಕು, ಹೊಣೆ ಯಾರದೆಂದು ಒಪ್ಪಿಕೊಳ್ಳಬೇಕು. ಮೊದಲೆರಡರಲ್ಲಿ ಸಾಕಷ್ಟು ಕೆಲಸವಾಗಿದೆ. ಮೂರನೆಯದು ಇಂದಿಗೂ ತೀರದ ವಿವಾದ.

ಹಿನ್ನೆಲೆ

ಹದಿನಾರನೆಯ ಶತಮಾನದ ಆರಂಭದಿಂದ 1860ರ ದಶಕದವರೆಗೆ ಸುಮಾರು 1.25 ಕೋಟಿ ಆಫ್ರಿಕನ್ನರನ್ನು ಅಟ್ಲಾಂಟಿಕ್ ದಾಟಿಸಲು ಹಡಗು ಹತ್ತಿಸಲಾಯಿತು. ಜೀವಂತವಾಗಿ ದಡ ಸೇರಿದವರು ಸುಮಾರು 1.07 ಕೋಟಿ. ಅತಿ ಹೆಚ್ಚು ಜನ ಇಳಿದದ್ದು ಬ್ರೆಜಿಲಿನಲ್ಲಿ. ಆಫ್ರಿಕದಿಂದ ನೇರವಾಗಿ ಉತ್ತರ ಅಮೆರಿಕಕ್ಕೆ ಬಂದವರು ನಾಲ್ಕು ಲಕ್ಷದ ಒಳಗೆ. 1619ರ ಆಗಸ್ಟ್‌ನಲ್ಲಿ ವರ್ಜೀನಿಯದ ಪಾಯಿಂಟ್ ಕಂಫರ್ಟ್‌ಗೆ ಇಪ್ಪತ್ತು ಚಿಲ್ಲರೆ ಆಫ್ರಿಕನ್ನರನ್ನು ತಂದದ್ದನ್ನು ಅಲ್ಲಿನ ಇಂಗ್ಲಿಷ್ ವಸಾಹತುಗಳ ಗುಲಾಮಗಿರಿಯ ಆರಂಭವೆಂದು ಗುರುತಿಸುತ್ತಾರೆ. 1808ರಲ್ಲಿ ಹೊರಗಿನಿಂದ ಗುಲಾಮರನ್ನು ತರುವುದನ್ನು ಅಮೆರಿಕ ನಿಷೇಧಿಸಿತು. ಆದರೆ ದೇಶದೊಳಗಿನ ಮಾರಾಟ ಆ ಮೇಲೆಯೇ ಬೆಳೆಯಿತು. ಹತ್ತಿಯ ಬೆಳೆ ಹಬ್ಬಿದಂತೆ ಸುಮಾರು ಹತ್ತು ಲಕ್ಷ ಜನರನ್ನು ವರ್ಜೀನಿಯ, ಮೇರಿಲ್ಯಾಂಡ್ ಕಡೆಯಿಂದ ಅಲಬಾಮ, ಮಿಸಿಸಿಪಿ, ಲೂಯಿಸಿಯಾನಗಳಿಗೆ ಸಾಗಿಸಲಾಯಿತು. ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ, ಮಕ್ಕಳು ಮತ್ತೊಂದು ಕಡೆ ಮಾರಾಟವಾಗುವುದು ಆ ವ್ಯಾಪಾರದಲ್ಲಿ ದಿನನಿತ್ಯದ ಸಂಗತಿ. 1860ರ ಜನಗಣತಿಯ ವೇಳೆಗೆ ಗುಲಾಮರ ಸಂಖ್ಯೆ ನಲವತ್ತು ಲಕ್ಷದ ಹತ್ತಿರಕ್ಕೆ ಬಂದಿತ್ತು.

1865ರ ಡಿಸೆಂಬರ್‌ನಲ್ಲಿ ಸಂವಿಧಾನದ 13ನೆಯ ತಿದ್ದುಪಡಿಯಿಂದ ಗುಲಾಮಗಿರಿ ರದ್ದಾಯಿತು. ಆದರೆ 1877ರ ಬಳಿಕ ದಕ್ಷಿಣದ ರಾಜ್ಯಗಳಲ್ಲಿ ಪ್ರತ್ಯೇಕತೆಯ ಕಾನೂನುಗಳು ಬಂದವು, ಮತದಾನದ ಹಕ್ಕು ಕೈತಪ್ಪಿತು, ಕೈದಿಗಳನ್ನು ಕೂಲಿಗೆ ಗುತ್ತಿಗೆ ಕೊಡುವ ಪದ್ಧತಿ ಬೆಳೆಯಿತು, ಲಿಂಚಿಂಗ್ ಎಂಬ ಗುಂಪುಹತ್ಯೆ ಹಾಡಹಗಲೇ ಜನಜಂಗುಳಿಯ ಎದುರು ನಡೆಯತೊಡಗಿತು. ಉತ್ತರದ ನಗರಗಳಲ್ಲಿ ಕಪ್ಪುಜನರ ಬಡಾವಣೆಗಳಿಗೆ ಗೃಹಸಾಲ ನಿರಾಕರಿಸುವುದು ವಾಡಿಕೆಯಾಯಿತು. ಆದ್ದರಿಂದ ಅಮೆರಿಕದಲ್ಲಿ ಗುಲಾಮಗಿರಿಯ ಸ್ಮರಣೆ ಎಂದರೆ 1865ಕ್ಕೆ ಮುಗಿದ ಕಥೆಯಷ್ಟೇ ಅಲ್ಲ, 1964 ಮತ್ತು 1965ರ ನಾಗರಿಕ ಹಕ್ಕುಗಳ ಕಾನೂನುಗಳವರೆಗೂ, ಅದರಾಚೆಗೂ ಚಾಚಿಕೊಂಡ ಚರಿತ್ರೆ.

ದಾಖಲೆಗಳಲ್ಲಿ ಕಾಣೆಯಾದ ಹೆಸರುಗಳು

1850 ಮತ್ತು 1860ರ ಜನಗಣತಿಯಲ್ಲಿ ಗುಲಾಮರಿಗೆಂದೇ ಬೇರೆ ಪಟ್ಟಿಗಳಿದ್ದವು. ಅವುಗಳಲ್ಲಿ ಬರೆದದ್ದು ಮಾಲೀಕನ ಹೆಸರು. ಅದರ ಕೆಳಗೆ ಒಂದೊಂದು ಸಾಲಿನಲ್ಲಿ ಒಬ್ಬೊಬ್ಬರ ವಯಸ್ಸು, ಲಿಂಗ, ಮೈಬಣ್ಣ ಮಾತ್ರ. ಹೆಸರಿಗೆ ಸಾಮಾನ್ಯವಾಗಿ ಜಾಗವೇ ಇರಲಿಲ್ಲ. ದಕ್ಷಿಣದ ಬಹುಪಾಲು ಕಪ್ಪುಜನರ ಹೆಸರು, ಮನೆತನದ ಹೆಸರು ಜನಗಣತಿಯಲ್ಲಿ ಕಾಣಿಸಿಕೊಂಡದ್ದು 1870ರಲ್ಲಿ. ವಂಶಾವಳಿ ಹುಡುಕುವವರು ಅಲ್ಲಿಂದ ಹಿಂದಕ್ಕೆ ಹೋಗಲಾಗದೆ ನಿಲ್ಲುವುದನ್ನು ‘1870ರ ಗೋಡೆ’ ಎನ್ನುತ್ತಾರೆ. ಆ ಗೋಡೆ ದಾಟಲು ಮಾಲೀಕರ ಮರಣಪತ್ರ, ಸಾಲಪತ್ರ, ತೋಟದ ಲೆಕ್ಕದ ಪುಸ್ತಕ, ಹಡಗಿನ ಪಟ್ಟಿ, ಚರ್ಚಿನ ದೀಕ್ಷಾಸ್ನಾನದ ದಾಖಲೆಗಳೇ ಗತಿ.

ಹುಡುಕಾಟ ಬಿಡುಗಡೆಯಾದ ಕೂಡಲೇ ಶುರುವಾಗಿತ್ತು. ಕಪ್ಪುಜನರ ಪತ್ರಿಕೆಗಳಲ್ಲಿ ಕಳೆದುಹೋದ ಬಂಧುಗಳನ್ನು ಹುಡುಕುವ ಜಾಹೀರಾತುಗಳು ದಶಕಗಳ ಕಾಲ ಬಂದವು. ನ್ಯೂ ಆರ್ಲಿಯನ್ಸ್‌ನ ‘ಸೌತ್‌ವೆಸ್ಟರ್ನ್ ಕ್ರಿಶ್ಚಿಯನ್ ಅಡ್ವೊಕೇಟ್’ ಪತ್ರಿಕೆ ಇದಕ್ಕೆಂದೇ ‘ಲಾಸ್ಟ್ ಫ್ರೆಂಡ್ಸ್’ ಎಂಬ ಅಂಕಣ ನಡೆಸಿತು. ತಾಯಿಯ ಹೆಸರು, ಅವಳನ್ನು ಯಾರು ಯಾರಿಗೆ ಮಾರಿದರು, ಒಡಹುಟ್ಟಿದವರು ಎಷ್ಟು ಮಂದಿ, ಕೊನೆಯದಾಗಿ ನೋಡಿದ್ದು ಯಾವ ಊರಿನಲ್ಲಿ ಎಂಬ ವಿವರಗಳಷ್ಟೇ ಅಲ್ಲಿನ ಪತ್ರಗಳಲ್ಲಿ ಇರುತ್ತಿದ್ದವು. ಓದು ಬಾರದವರಿಗೂ ಸುದ್ದಿ ಮುಟ್ಟಲೆಂದು ಅವನ್ನು ಪ್ರಾರ್ಥನೆಯ ಹೊತ್ತಿನಲ್ಲಿ ಗಟ್ಟಿಯಾಗಿ ಓದಬೇಕೆಂದು ಪತ್ರಿಕೆ ಪಾದ್ರಿಗಳನ್ನು ಕೋರುತ್ತಿತ್ತು. ಬಂಧುಗಳು ಸಿಕ್ಕ ಉದಾಹರಣೆಗಳು ವಿರಳ. ಇಂದು ಈ ಜಾಹೀರಾತುಗಳು ವಂಶಾವಳಿಯ ಸಂಶೋಧನೆಗೆ ಅಮೂಲ್ಯ ಆಕರ.

1936ರಿಂದ 1938ರ ನಡುವೆ ಫೆಡರಲ್ ಸರ್ಕಾರದ ಲೇಖಕರ ಯೋಜನೆಯಲ್ಲಿ, ಗುಲಾಮಗಿರಿಯನ್ನು ಕಂಡುಂಡ 2,300ಕ್ಕೂ ಹೆಚ್ಚು ವೃದ್ಧರ ಮಾತುಗಳನ್ನು ಬರೆದುಕೊಳ್ಳಲಾಯಿತು. ಕೇಳಿದವರಲ್ಲಿ ಹೆಚ್ಚಿನವರು ದಕ್ಷಿಣದ ಬಿಳಿಯರು. ಅವರ ಎದುರು ಈ ವೃದ್ಧರು ಎಷ್ಟು ಮನಬಿಚ್ಚಿ ಮಾತಾಡಿದ್ದಾರು ಎಂಬ ಎಚ್ಚರದಿಂದಲೇ ಇತಿಹಾಸಕಾರರು ಆ ಸಂಪುಟಗಳನ್ನು ಬಳಸುತ್ತಾರೆ.

ಸ್ಮರಣೆಯ ಮೊದಲ ರೂಪಗಳು

1865ರ ಮೇ 1ರಂದು ದಕ್ಷಿಣ ಕ್ಯಾರೊಲಿನದ ಚಾರ್ಲ್‌ಸ್ಟನ್‌ನಲ್ಲಿ, ಆಗಷ್ಟೇ ಬಿಡುಗಡೆ ಹೊಂದಿದ ಕಪ್ಪುಜನರು ಒಂದು ದೊಡ್ಡ ಮೆರವಣಿಗೆ ನಡೆಸಿದರು. ಅಲ್ಲಿನ ಕುದುರೆ ಪಂದ್ಯದ ಮೈದಾನದಲ್ಲಿ ಅಂತರ್ಯುದ್ಧದ ವೇಳೆ ಸೆರೆಯಲ್ಲಿದ್ದು ಸತ್ತ ಉತ್ತರದ ಪಡೆಯ 257 ಸೈನಿಕರನ್ನು ಒಟ್ಟಾಗಿ ಹೂತುಹಾಕಿದ್ದರು. ಕಪ್ಪು ಕಾರ್ಮಿಕರು ಶವಗಳನ್ನು ತೆಗೆದು ಒಂದೊಂದಕ್ಕೂ ಬೇರೆ ಗೋರಿ ಮಾಡಿ, ಸುತ್ತ ಬೇಲಿ ಕಟ್ಟಿದ್ದರು. ಶಾಲಾ ಮಕ್ಕಳು ಹೂ ಹಿಡಿದು ಮೆರವಣಿಗೆಯ ಮುಂದೆ ನಡೆದರು. ಅಮೆರಿಕದಲ್ಲಿ ಹುತಾತ್ಮ ಸೈನಿಕರನ್ನು ನೆನೆಯುವ ದಿನಾಚರಣೆಯ ಮೊದಲ ರೂಪಗಳಲ್ಲಿ ಇದೂ ಒಂದೆಂದು ಇತಿಹಾಸಕಾರ ಡೇವಿಡ್ ಬ್ಲೈಟ್ ಗುರುತಿಸಿದ್ದಾರೆ. ಶತಮಾನಕ್ಕೂ ಹೆಚ್ಚು ಕಾಲ ನಗರದ ಅಧಿಕೃತ ನೆನಪಿನಲ್ಲಿ ಇದಕ್ಕೆ ಜಾಗವಿರಲಿಲ್ಲ.

ಜೂನ್‌ಟೀನ್ತ್ ಹಬ್ಬ ಹೆಚ್ಚು ಕಾಲ ಬಾಳಿತು. 1865ರ ಜೂನ್ 19ರಂದು ಟೆಕ್ಸಾಸ್‌ನ ಗ್ಯಾಲ್ವೆಸ್ಟನ್‌ನಲ್ಲಿ ಜನರಲ್ ಗಾರ್ಡನ್ ಗ್ರೇಂಜರ್ ಬಿಡುಗಡೆಯ ಆದೇಶ ಹೊರಡಿಸಿದ ದಿನವದು. ಅಧ್ಯಕ್ಷ ಲಿಂಕನ್ನರ ವಿಮೋಚನಾ ಘೋಷಣೆ ಹೊರಬಿದ್ದು ಆಗ ಎರಡೂವರೆ ವರ್ಷ ಕಳೆದಿತ್ತು. ಚರ್ಚು, ಊಟ, ಹಾಡು, ಮೆರವಣಿಗೆಗಳ ಮೂಲಕ ಟೆಕ್ಸಾಸ್‌ನ ಕುಟುಂಬಗಳು ಅದನ್ನು ಉಳಿಸಿಕೊಂಡು ಬಂದವು. 1980ರಲ್ಲಿ ಅದು ಆ ರಾಜ್ಯದ ರಜಾದಿನವಾಯಿತು. ಓಪಲ್ ಲೀ ಎಂಬ ನಿವೃತ್ತ ಶಿಕ್ಷಕಿ 2016ರಲ್ಲಿ, ತಮ್ಮ 89ನೆಯ ವಯಸ್ಸಿನಲ್ಲಿ, ಇದಕ್ಕೆ ರಾಷ್ಟ್ರೀಯ ಮನ್ನಣೆ ಬೇಕೆಂದು ಫೋರ್ಟ್‌ವರ್ತ್‌ನಿಂದ ಪಾದಯಾತ್ರೆ ಹೊರಟರು. 2021ರ ಜೂನ್‌ನಲ್ಲಿ ಅದು ಫೆಡರಲ್ ರಜಾದಿನವಾಯಿತು. ಇತಿಹಾಸಕಾರ ಕಾರ್ಟರ್ ಜಿ. ವುಡ್ಸನ್ 1926ರಲ್ಲಿ ಆರಂಭಿಸಿದ ಕಪ್ಪು ಇತಿಹಾಸ ಸಪ್ತಾಹ 1976ರಿಂದ ಫೆಬ್ರವರಿ ತಿಂಗಳಿಡೀ ನಡೆಯುವ ಆಚರಣೆಯಾಗಿ ಬೆಳೆದಿದೆ.

ಇಷ್ಟಾದರೂ ಭೂಮಿಯ ಮೇಲೆ ಗುರುತುಗಳು ಕಡಿಮೆಯೇ ಇದ್ದವು. ಗುಲಾಮರನ್ನು ನೆನೆಯಲು ರಸ್ತೆ ಬದಿಯಲ್ಲಿ ಕೂರುವುದಕ್ಕೊಂದು ಬೆಂಚು ಕೂಡ ಇಲ್ಲವೆಂದು ಕಾದಂಬರಿಕಾರ್ತಿ ಟೋನಿ ಮಾರಿಸನ್ 1989ರಲ್ಲಿ ಹೇಳಿದ್ದರು. ಆ ಮಾತು ಹಿಡಿದು ಟೋನಿ ಮಾರಿಸನ್ ಸೊಸೈಟಿ ಬೆಂಚುಗಳನ್ನು ಹಾಕಿಸತೊಡಗಿತು. ಮೊದಲನೆಯದು 2008ರಲ್ಲಿ ಚಾರ್ಲ್‌ಸ್ಟನ್ ಬಂದರಿನ ಬಾಯಲ್ಲಿರುವ ಸಲಿವನ್ಸ್ ದ್ವೀಪಕ್ಕೆ ಬಂತು. ಹಡಗಿನಲ್ಲಿ ಬಂದ ಅಸಂಖ್ಯ ಆಫ್ರಿಕನ್ನರು ಅಮೆರಿಕದ ನೆಲಕ್ಕೆ ಮೊದಲು ಕಾಲಿಟ್ಟದ್ದು ಅಲ್ಲೇ.

ನ್ಯೂಯಾರ್ಕ್‌ನ ಆಫ್ರಿಕನ್ ರುದ್ರಭೂಮಿ

ಗುಲಾಮಗಿರಿ ದಕ್ಷಿಣದ ರಾಜ್ಯಗಳ ಪಾಪ ಮಾತ್ರ ಎಂಬ ನಂಬಿಕೆಗೆ ದೊಡ್ಡ ಪೆಟ್ಟು ಬಿದ್ದದ್ದು 1991ರಲ್ಲಿ. ನ್ಯೂಯಾರ್ಕ್‌ನ ಮ್ಯಾನ್‌ಹಟನ್ ದಕ್ಷಿಣ ತುದಿಯಲ್ಲಿ ಫೆಡರಲ್ ಕಚೇರಿ ಕಟ್ಟಡಕ್ಕೆ ಅಡಿಪಾಯ ತೋಡುವಾಗ, ನೆಲದಿಂದ ಹಲವು ಅಡಿ ಕೆಳಗೆ ಸಮಾಧಿಗಳು ಸಿಕ್ಕವು. ಹದಿನೇಳು, ಹದಿನೆಂಟನೆಯ ಶತಮಾನಗಳಲ್ಲಿ ಆಫ್ರಿಕನ್ನರನ್ನು ಹೂಳುತ್ತಿದ್ದ, ಊರಗಡಿಯಾಚೆಗಿನ ನೆಲ ಅದು. ಅಲ್ಲಿ ಸುಮಾರು 15,000 ಜನರನ್ನು ಹೂಳಲಾಗಿತ್ತೆಂದು ಅಂದಾಜು.

ಅಗೆತ ಮುಂದುವರಿದಾಗ ನಗರದ ಕಪ್ಪು ಸಮುದಾಯ ಬೀದಿಗಿಳಿಯಿತು. ಕಾಮಗಾರಿಯ ಆತುರದಲ್ಲಿ ಕೆಲವು ಸಮಾಧಿಗಳು ಹಾಳಾಗಿದ್ದವು. ವಂಶಸ್ಥರನ್ನು ಯಾರೂ ಕೇಳಿರಲಿಲ್ಲ. ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಮಧ್ಯೆ ಬಂದ ಮೇಲೆ ಅಗೆತ ನಿಂತಿತು, ಕಟ್ಟಡದ ನಕ್ಷೆ ಬದಲಾಯಿತು. ಹೊರತೆಗೆದ 419 ಜನರ ಅಸ್ಥಿಗಳ ಅಧ್ಯಯನವನ್ನು ಹೊವರ್ಡ್ ವಿಶ್ವವಿದ್ಯಾಲಯದಲ್ಲಿ ಮಾನವಶಾಸ್ತ್ರಜ್ಞ ಮೈಕೆಲ್ ಬ್ಲೇಕಿ ಅವರ ನೇತೃತ್ವದ ತಂಡಕ್ಕೆ ವಹಿಸಲಾಯಿತು. ಅವರಲ್ಲಿ ಅರ್ಧಕ್ಕೆ ಹತ್ತಿರ ಮಕ್ಕಳು. ದೊಡ್ಡವರ ಮೂಳೆಗಳಲ್ಲಿ ಅತಿಭಾರ ಹೊತ್ತು ಸವೆದ ಗುರುತುಗಳಿದ್ದವು. ಒಬ್ಬ ಹೆಂಗಸಿನ ಸೊಂಟದ ಸುತ್ತ ಮಣಿಗಳ ಸರವಿತ್ತು. ಅವಳ ಹಲ್ಲುಗಳನ್ನು ಆಫ್ರಿಕದ ಕೆಲವು ಪ್ರದೇಶಗಳ ಪದ್ಧತಿಯಂತೆ ಅರದಿಂದ ಉಜ್ಜಿ ತಿದ್ದಲಾಗಿತ್ತು. ಇವರ ಹೆಸರುಗಳು ಸಿಗಲಿಲ್ಲ. ಆದರೆ ವಯಸ್ಸು, ಹುಟ್ಟಿದ ಸೀಮೆ, ದುಡಿಮೆ, ಕಾಯಿಲೆಗಳ ವಿವರಗಳು ಬೆಳಕಿಗೆ ಬಂದವು.

2003ರ ಅಕ್ಟೋಬರ್‌ನಲ್ಲಿ ಅಸ್ಥಿಗಳನ್ನು ಘಾನಾದಲ್ಲಿ ಕೆತ್ತಿಸಿದ ಮರದ ಪೆಟ್ಟಿಗೆಗಳಲ್ಲಿ ಇರಿಸಿ, ವಾಷಿಂಗ್ಟನ್‌ನಿಂದ ಬಾಲ್ಟಿಮೋರ್, ಫಿಲಡೆಲ್ಫಿಯ ಮೊದಲಾದ ನಗರಗಳ ಮೂಲಕ ಮೆರವಣಿಗೆಯಲ್ಲಿ ತಂದು ಅದೇ ನೆಲದಲ್ಲಿ ಮತ್ತೆ ಮಣ್ಣು ಮಾಡಲಾಯಿತು. 2006ರಲ್ಲಿ ಜಾಗ ರಾಷ್ಟ್ರೀಯ ಸ್ಮಾರಕವಾಯಿತು. ರಾಡ್ನಿ ಲಿಯಾನ್ ವಿನ್ಯಾಸದ ಸ್ಮಾರಕ 2007ರಲ್ಲಿ ತೆರೆಯಿತು. ಅಗೆತದಿಂದ ಮರುಸಂಸ್ಕಾರದವರೆಗಿನ ತೀರ್ಮಾನಗಳಲ್ಲಿ ವಂಶಸ್ಥ ಸಮುದಾಯಕ್ಕೆ ಪಾಲು ಇರಬೇಕೆಂಬ ತತ್ತ್ವಕ್ಕೆ ಈ ಪ್ರಕರಣ ಮಾದರಿಯಾಗಿದೆ.

ಗುಂಪುಹತ್ಯೆಗಳ ನೆನಪು

ವಕೀಲ ಬ್ರಯನ್ ಸ್ಟೀವನ್‌ಸನ್ ಅಲಬಾಮದ ಮಾಂಟ್‌ಗಾಮರಿಯಲ್ಲಿ ಸ್ಥಾಪಿಸಿದ ಈಕ್ವಲ್ ಜಸ್ಟಿಸ್ ಇನಿಶಿಯೇಟಿವ್ ಮೂಲತಃ ಮರಣದಂಡನೆಗೆ ಗುರಿಯಾದ ಬಡ ಕೈದಿಗಳ ಪರ ವಾದಿಸುವ ಸಂಸ್ಥೆ. 2015ರಲ್ಲಿ ಅದು ಹೊರತಂದ ವರದಿ, 1877ರಿಂದ 1950ರ ನಡುವೆ ನಡೆದ ಸುಮಾರು ನಾಲ್ಕು ಸಾವಿರ ಲಿಂಚಿಂಗ್‌ಗಳನ್ನು ದಾಖಲಿಸಿತು. ಗುಲಾಮಗಿರಿಯಿಂದ ಲಿಂಚಿಂಗ್‌ಗೆ, ಅಲ್ಲಿಂದ ಪ್ರತ್ಯೇಕತೆಯ ಕಾನೂನಿಗೆ, ಅಲ್ಲಿಂದ ಇಂದಿನ ತುಂಬಿದ ಜೈಲುಗಳಿಗೆ ಒಂದೇ ಎಳೆ ಹಾದುಬಂದಿದೆ ಎಂಬುದು ಸಂಸ್ಥೆಯ ವಾದ.

2018ರ ಏಪ್ರಿಲ್ 26ರಂದು ಮಾಂಟ್‌ಗಾಮರಿಯ ಗುಡ್ಡದ ಮೇಲೆ ‘ಶಾಂತಿ ಮತ್ತು ನ್ಯಾಯದ ರಾಷ್ಟ್ರೀಯ ಸ್ಮಾರಕ’ ತೆರೆಯಿತು. ಆರು ಎಕರೆ ಜಾಗದಲ್ಲಿ ತುಕ್ಕುಬಣ್ಣದ 800ಕ್ಕೂ ಹೆಚ್ಚು ಉಕ್ಕಿನ ಕಂಬಗಳಿವೆ. ಲಿಂಚಿಂಗ್ ನಡೆದ ಒಂದೊಂದು ಕೌಂಟಿಗೂ (ಜಿಲ್ಲೆಯಂಥ ಆಡಳಿತ ವಿಭಾಗ) ಒಂದೊಂದು ಕಂಬ, ಅದರ ಮೇಲೆ ಸತ್ತವರ ಹೆಸರು, ದಿನಾಂಕ. ಹೆಸರು ಸಿಗದ ಕಡೆ ‘ಅಜ್ಞಾತ’ ಎಂದು ಕೊರೆದಿದೆ. ಒಳಗೆ ಬರುವಾಗ ಕಂಬಗಳು ಕಣ್ಣಿನ ಮಟ್ಟದಲ್ಲಿರುತ್ತವೆ. ಮುಂದೆ ನಡೆದಂತೆ ನೆಲ ಇಳಿಯುತ್ತ ಹೋಗುತ್ತದೆ, ಕಂಬಗಳು ಇದ್ದಲ್ಲೇ ಇರುತ್ತವೆ. ಕೊನೆಯಲ್ಲಿ ಅವು ನೋಡುಗನ ತಲೆಯ ಮೇಲೆ ತೂಗುತ್ತವೆ. ಹತ್ಯೆಯನ್ನು ನೋಡಲು ನೆರೆದ ಗುಂಪು ತಲೆ ಎತ್ತಿ ನೋಡಿದ ಕೋನದಲ್ಲೇ ಸಂದರ್ಶಕರೂ ಈಗ ನೋಡಬೇಕಾಗುತ್ತದೆ. ಹೊರಗೆ ಅದೇ ಕಂಬಗಳ ನಕಲುಗಳನ್ನು ಮಲಗಿಸಿಟ್ಟಿದ್ದಾರೆ. ಆಯಾ ಕೌಂಟಿಯವರು ಬಂದು ತಮ್ಮ ಊರಿನ ಕಂಬವನ್ನು ಒಯ್ದು ನಿಲ್ಲಿಸಿಕೊಳ್ಳಬೇಕೆಂಬುದು ಉದ್ದೇಶ. ಒಯ್ಯದ ಊರು ಯಾವುದು ಎಂಬುದೂ ಅಲ್ಲಿ ಎಲ್ಲರ ಕಣ್ಣಿಗೆ ಬೀಳುತ್ತದೆ.

ಇದೇ ಸಂಸ್ಥೆಯ ಸಮುದಾಯ ಸ್ಮರಣೆ ಯೋಜನೆಯಲ್ಲಿ ಊರಿನ ಜನರೇ ಸೇರಿ ಲಿಂಚಿಂಗ್ ನಡೆದ ಸ್ಥಳವನ್ನು ದಾಖಲೆಗಳಿಂದ ಪತ್ತೆ ಮಾಡಿ, ಅಲ್ಲಿನ ಮಣ್ಣನ್ನು ಗಾಜಿನ ಜಾಡಿಗೆ ತುಂಬುತ್ತಾರೆ. ಜಾಡಿಯ ಮೇಲೆ ಸತ್ತವರ ಹೆಸರು, ಊರು, ದಿನಾಂಕ. ಇಂಥ ನೂರಾರು ಜಾಡಿಗಳು ಮಾಂಟ್‌ಗಾಮರಿಯ ಲೆಗಸಿ ಮ್ಯೂಸಿಯಂನ ಕಪಾಟುಗಳಲ್ಲಿ ಸಾಲಾಗಿವೆ. ಕೆಂಪು, ಕಪ್ಪು, ಮರಳು ಬೆರೆತ ಬೂದು ಮಣ್ಣು, ಒಂದೊಂದರದು ಒಂದೊಂದು ಬಣ್ಣ. ಸತ್ತವರ ಕುಟುಂಬದವರೂ ಊರಿನ ಬಿಳಿಯರೂ ಒಟ್ಟಿಗೆ ನಿಂತು ಮಣ್ಣು ತೆಗೆಯುವ ಈ ಕ್ರಿಯೆ, ಎಷ್ಟೋ ಊರುಗಳಲ್ಲಿ ಆ ಘಟನೆಯ ಬಗ್ಗೆ ನಡೆದ ಮೊದಲ ಬಹಿರಂಗ ಮಾತುಕತೆಗೆ ದಾರಿ ಮಾಡಿದೆ. 2024ರಲ್ಲಿ ಸಂಸ್ಥೆ ತೆರೆದ ಶಿಲ್ಪ ಉದ್ಯಾನದಲ್ಲಿ 1870ರ ಜನಗಣತಿಯಿಂದ ಆಯ್ದ 1,22,000 ಮನೆತನದ ಹೆಸರುಗಳ ಬೃಹತ್ ಗೋಡೆಯಿದೆ.

ಸ್ಮರಣೆಗೆ ಎದುರಾಗುವ ಪ್ರತಿರೋಧಕ್ಕೆ ಎಮೆಟ್ ಟಿಲ್ ಪ್ರಕರಣ ಸಾಕ್ಷಿ. 1955ರ ಆಗಸ್ಟ್‌ನಲ್ಲಿ ಷಿಕಾಗೊದಿಂದ ಮಿಸಿಸಿಪಿಯ ನೆಂಟರ ಮನೆಗೆ ಬಂದಿದ್ದ ಈ 14 ವರ್ಷದ ಹುಡುಗನನ್ನು ಅಪಹರಿಸಿ ಕೊಲ್ಲಲಾಯಿತು. ಬಿಳಿಯರಷ್ಟೇ ಇದ್ದ ಜ್ಯೂರಿ ಆರೋಪಿಗಳಿಬ್ಬರನ್ನೂ ಬಿಟ್ಟಿತು. ಮರುವರ್ಷ ಅವರು ಪತ್ರಿಕೆಯೊಂದರ ಎದುರು ಕೊಲೆಯನ್ನು ಒಪ್ಪಿಕೊಂಡರು. ಮಗನ ಜಜ್ಜಿದ ಮುಖವನ್ನು ಜಗತ್ತು ನೋಡಲಿ ಎಂದು ತಾಯಿ ಮೇಮಿ ಟಿಲ್ ಶವಪೆಟ್ಟಿಗೆಯ ಮುಚ್ಚಳ ತೆರೆದೇ ಅಂತಿಮ ದರ್ಶನಕ್ಕೆ ಇಡಿಸಿದ್ದರು. 2007ರಲ್ಲಿ ಟಲಹಾಚಿ ಕೌಂಟಿಯ ಕಪ್ಪು ಮತ್ತು ಬಿಳಿಯ ಪ್ರತಿನಿಧಿಗಳು, ವಿಚಾರಣೆ ನಡೆದಿದ್ದ ಸಮ್ನರ್‌ನ ನ್ಯಾಯಾಲಯದ ಎದುರು ಕುಟುಂಬಕ್ಕೆ ವಿಷಾದ ವ್ಯಕ್ತಪಡಿಸುವ ನಿರ್ಣಯ ಓದಿದರು. ದೇಹ ಸಿಕ್ಕಿತೆನ್ನಲಾದ ನದಿ ದಂಡೆಯಲ್ಲಿ 2008ರಲ್ಲಿ ನೆಟ್ಟ ಫಲಕವನ್ನು ಯಾರೋ ಕಿತ್ತೊಯ್ದರು. ಆಮೇಲೆ ನೆಟ್ಟ ಫಲಕಗಳಿಗೆ ಗುಂಡು ಹಾರಿಸಲಾಯಿತು. 2019ರಲ್ಲಿ ಅಲ್ಲಿ 500 ಪೌಂಡಿಗೂ ಹೆಚ್ಚು ತೂಕದ, ಗುಂಡು ತಾಗದ ಉಕ್ಕಿನ ಫಲಕ ನೆಡಬೇಕಾಯಿತು. 2022ರಲ್ಲಿ ಲಿಂಚಿಂಗನ್ನು ಫೆಡರಲ್ ಅಪರಾಧವೆಂದು ಸಾರಿದ ಕಾನೂನಿಗೆ ಟಿಲ್ ಹೆಸರಿಟ್ಟರು. ಇಂಥ ಮಸೂದೆಗಳು ಅದಕ್ಕೆ ಮೊದಲು ಶತಮಾನಕ್ಕೂ ಹೆಚ್ಚು ಕಾಲ ಕಾಂಗ್ರೆಸ್‌ನಲ್ಲಿ ಬಿದ್ದುಹೋಗುತ್ತಲೇ ಇದ್ದವು.

ಸಂವಾದ ಮತ್ತು ಸತ್ಯಶೋಧನೆ

ಉತ್ತರ ಕ್ಯಾರೊಲಿನದ ಗ್ರೀನ್ಸ್‌ಬರೊದಲ್ಲಿ 1979ರ ನವೆಂಬರ್ 3ರಂದು ವರ್ಣದ್ವೇಷಿ ಸಂಘಟನೆಗಳ ಬಂದೂಕುಧಾರಿಗಳು ಪ್ರತಿಭಟನಾಕಾರರ ಮೇಲೆ ಗುಂಡು ಹಾರಿಸಿ ಐವರನ್ನು ಕೊಂದರು. ಕ್ರಿಮಿನಲ್ ಮೊಕದ್ದಮೆಗಳಲ್ಲಿ ಯಾರಿಗೂ ಶಿಕ್ಷೆಯಾಗಲಿಲ್ಲ. ದಕ್ಷಿಣ ಆಫ್ರಿಕದ ಮಾದರಿಯಲ್ಲಿ ನಾಗರಿಕರೇ 2004ರಲ್ಲಿ ಸತ್ಯ ಮತ್ತು ಸಾಮರಸ್ಯ ಆಯೋಗ ರಚಿಸಿದರು. ಅದಕ್ಕೆ ಸಾಕ್ಷಿಗಳನ್ನು ಬಲವಂತವಾಗಿ ಕರೆಸುವ ಅಧಿಕಾರವಿರಲಿಲ್ಲ, ನಗರಸಭೆಯ ಬೆಂಬಲವೂ ಇರಲಿಲ್ಲ. ಆದರೂ 2006ರ ಅದರ ವರದಿ ಪೊಲೀಸರ ಗೈರುಹಾಜರಿಯನ್ನು ಎತ್ತಿ ತೋರಿಸಿತು. ನಗರಸಭೆ ವಿಧ್ಯುಕ್ತ ಕ್ಷಮೆ ಕೇಳಿದ್ದು 2020ರಲ್ಲಿ.

ವರ್ಜೀನಿಯದ ಈಸ್ಟರ್ನ್ ಮೆನೊನೈಟ್ ವಿಶ್ವವಿದ್ಯಾಲಯದಲ್ಲಿ 2006ರಲ್ಲಿ ಹುಟ್ಟಿದ ‘ಕಮಿಂಗ್ ಟು ದ ಟೇಬಲ್’ ಕೂಟ ಗುಲಾಮರ ವಂಶಸ್ಥರನ್ನೂ ಗುಲಾಮರ ಮಾಲೀಕರ ವಂಶಸ್ಥರನ್ನೂ ಎದುರುಬದುರು ಕೂರಿಸುತ್ತದೆ. ಮಾರ್ಟಿನ್ ಲೂಥರ್ ಕಿಂಗ್ ಅವರ 1963ರ ಭಾಷಣದ ಒಂದು ಚಿತ್ರದಿಂದ ಅದರ ಹೆಸರು ಬಂದಿದೆ. ಎಲ್ಲರೂ ಸುತ್ತಾಗಿ ಕೂತು ಒಂದು ವಸ್ತುವನ್ನು ಕೈಯಿಂದ ಕೈಗೆ ದಾಟಿಸುವುದು, ಅದು ಯಾರ ಕೈಯಲ್ಲಿದೆಯೋ ಅವರಷ್ಟೇ ಮಾತಾಡುವುದು, ಉಳಿದವರು ನಡುವೆ ಬಾಯಿ ಹಾಕದೆ ಕೇಳುವುದು ಇಂಥ ವೃತ್ತ ಸಂವಾದಗಳ ಕ್ರಮ. ಇತಿಹಾಸ ಅರಿಯುವುದು, ಸಂಬಂಧ ಬೆಳೆಸುವುದು, ನೋವಿಗೆ ಮದ್ದು ಹುಡುಕುವುದು, ಕಾರ್ಯಕ್ಕಿಳಿಯುವುದು ಎಂಬ ನಾಲ್ಕು ಹೆಜ್ಜೆಗಳನ್ನು ಕೂಟ ಹೇಳುತ್ತದೆ. ಮಾಲೀಕರ ವಂಶಸ್ಥರ ಮನೆಯ ಅಟ್ಟದಲ್ಲಿ ಉಳಿದ ಹಳೆಯ ಕಾಗದಗಳೇ ಎದುರು ಕೂತವರ ವಂಶಾವಳಿಗೆ ಕೀಲಿಯಾಗಬಹುದು. ಅವನ್ನು ಹಂಚಿಕೊಳ್ಳುವುದು ಇಲ್ಲಿನ ಕರ್ತವ್ಯಗಳಲ್ಲಿ ಒಂದು. ಡಬ್ಲ್ಯು. ಕೆ. ಕೆಲಾಗ್ ಪ್ರತಿಷ್ಠಾನದ ಆಶ್ರಯದಲ್ಲಿ 2017ರಿಂದ ಪ್ರತಿ ಜನವರಿಯಲ್ಲಿ ಕಿಂಗ್ ಜನ್ಮದಿನಾಚರಣೆಯ ಮಾರನೆಯ ದಿನ ‘ಜನಾಂಗೀಯ ಸಾಂತ್ವನದ ರಾಷ್ಟ್ರೀಯ ದಿನ’ ನಡೆಯುತ್ತಿದೆ.

ಗುಲಾಮಗಿರಿಯ ಆಘಾತ ತಲೆಮಾರುಗಳಿಗೆ ದಾಟುತ್ತದೆಂದು ಜಾಯ್ ಡಿಗ್ರೂಯಿ 2005ರ ತಮ್ಮ ಪುಸ್ತಕದಲ್ಲಿ ವಾದಿಸಿದರು. ಸಮುದಾಯ ಕಾರ್ಯಕರ್ತರಲ್ಲಿ ಅದು ಜನಪ್ರಿಯವಾಯಿತು. ಪುರಾವೆ ಸಾಲದು, ಕಪ್ಪುಜನರನ್ನೇ ರೋಗಿಗಳೆಂದು ಬಗೆದಂತಾಗುತ್ತದೆ ಎಂದು ಕೆಲವು ವಿದ್ವಾಂಸರು ಟೀಕಿಸಿದ್ದಾರೆ.

ಸಂಸ್ಥೆಗಳ ಹೊಣೆಗಾರಿಕೆ

2003ರಲ್ಲಿ ಬ್ರೌನ್ ವಿಶ್ವವಿದ್ಯಾಲಯದ ಅಧ್ಯಕ್ಷೆ ರೂತ್ ಸಿಮನ್ಸ್ ತಮ್ಮ ಸಂಸ್ಥೆಗೂ ಗುಲಾಮ ವ್ಯಾಪಾರಕ್ಕೂ ಇದ್ದ ನಂಟನ್ನು ಪರಿಶೀಲಿಸಲು ಸಮಿತಿ ನೇಮಿಸಿದರು. 2006ರ ಅದರ ವರದಿಯ ನಂತರ ಹಾರ್ವರ್ಡ್, ವರ್ಜೀನಿಯ ಮೊದಲಾದ ಹಲವು ವಿಶ್ವವಿದ್ಯಾಲಯಗಳು ತಮ್ಮ ಕಡತಗಳನ್ನು ಬಿಚ್ಚಿದವು.

ಇವುಗಳಲ್ಲಿ ಹೆಚ್ಚು ಚರ್ಚೆಯಾದದ್ದು ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಕಥೆ. 1838ರಲ್ಲಿ ಮೇರಿಲ್ಯಾಂಡಿನ ಜೆಸ್ವಿಟ್ ಪಾದ್ರಿಗಳು ತಮ್ಮ ತೋಟಗಳಲ್ಲಿದ್ದ 272 ಗಂಡಸರು, ಹೆಂಗಸರು, ಮಕ್ಕಳನ್ನು 1,15,000 ಡಾಲರಿಗೆ ಲೂಯಿಸಿಯಾನದವರಿಗೆ ಮಾರಿದರು. ಹಣದ ಒಂದು ಪಾಲು ಕಾಲೇಜಿನ ಸಾಲ ತೀರಿಸಲು ಹೋಯಿತು. ಪಾದ್ರಿಗಳು ಲೆಕ್ಕ ಚೊಕ್ಕವಾಗಿಟ್ಟಿದ್ದರಿಂದ ಮಾರಿದವರ ಹೆಸರು, ವಯಸ್ಸು ಉಳಿದವು. ಅದರಿಂದಲೇ ಸಾವಿರಾರು ವಂಶಸ್ಥರನ್ನು ಪತ್ತೆ ಮಾಡಲು ಸಾಧ್ಯವಾಯಿತು. 2017ರ ಏಪ್ರಿಲ್‌ನಲ್ಲಿ ವಿಶ್ವವಿದ್ಯಾಲಯವೂ ಜೆಸ್ವಿಟರೂ ವಂಶಸ್ಥರ ಎದುರು ಕ್ಷಮೆ ಕೇಳಿದರು. ಮಾರಾಟ ಮಾಡಿದ ಪಾದ್ರಿಯ ಹೆಸರಿದ್ದ ಕಟ್ಟಡಕ್ಕೆ, ಮಾರಾಟಪತ್ರದಲ್ಲಿ ಮೊದಲು ಬರುವ ಐಸಾಕ್ ಹಾಕಿನ್ಸ್ ಅವರ ಹೆಸರಿಟ್ಟರು. ಇಷ್ಟಕ್ಕೇ ಮುಗಿಯಬಾರದೆಂದು ವಿದ್ಯಾರ್ಥಿಗಳು 2019ರಲ್ಲಿ ತಾವೇ ಅವಧಿಗೆ 27.20 ಡಾಲರ್ ಶುಲ್ಕ ಕೊಡುವ ಪ್ರಸ್ತಾಪಕ್ಕೆ ಮತ ಹಾಕಿದರು. 2021ರಲ್ಲಿ ಜೆಸ್ವಿಟರು ವಂಶಸ್ಥರ ಪ್ರತಿಷ್ಠಾನಕ್ಕೆ ಹತ್ತು ಕೋಟಿ ಡಾಲರ್ ಕೂಡಿಸುವ ಮಾತು ಕೊಟ್ಟರು.

ಪರಿಹಾರದ ಪ್ರಶ್ನೆ

ವರ್ಣಭೇದದ ಹಿಂಸೆಗೆ ಹಣದ ಪರಿಹಾರ ಕೊಟ್ಟ ಮೊದಲ ರಾಜ್ಯಗಳ ಸಾಲಿನಲ್ಲಿ ಫ್ಲಾರಿಡ ಬರುತ್ತದೆ. 1923ರಲ್ಲಿ ಸುಟ್ಟುಹೋದ ರೋಸ್‌ವುಡ್ ಎಂಬ ಕಪ್ಪುಜನರ ಊರಿನಿಂದ ಬದುಕುಳಿದಿದ್ದವರಿಗೆ 1994ರಲ್ಲಿ ಅದು ತಲಾ ಒಂದೂವರೆ ಲಕ್ಷ ಡಾಲರ್ ಕೊಟ್ಟಿತು. ಒಕ್ಲಹಾಮದ ಟಲ್ಸಾದಲ್ಲಿ ಹಾಗಾಗಲಿಲ್ಲ. 1921ರ ಮೇ 31 ಮತ್ತು ಜೂನ್ 1ರಂದು ಬಿಳಿಯರ ಗುಂಪು ಅಲ್ಲಿನ ಗ್ರೀನ್‌ವುಡ್ ಬಡಾವಣೆಯ ಸುಮಾರು 35 ಬ್ಲಾಕುಗಳನ್ನು ಸುಟ್ಟಿತು. ಸತ್ತವರು 300ರವರೆಗೂ ಇರಬಹುದೆಂದು ಅಂದಾಜು. 2001ರಲ್ಲಿ ರಾಜ್ಯದ ಆಯೋಗ ಪರಿಹಾರಕ್ಕೆ ಶಿಫಾರಸು ಮಾಡಿದರೂ ಬದುಕುಳಿದವರಿಗೆ ಸರ್ಕಾರದಿಂದ ಹಣ ಬರಲಿಲ್ಲ. ಅವರಲ್ಲಿ ಕೊನೆಯ ಇಬ್ಬರು, ನೂರು ದಾಟಿದ ವೃದ್ಧೆಯರು, ಹೂಡಿದ್ದ ಮೊಕದ್ದಮೆಯನ್ನು ಒಕ್ಲಹಾಮದ ಸುಪ್ರೀಂ ಕೋರ್ಟ್ 2024ರಲ್ಲಿ ವಜಾ ಮಾಡಿತು. ಅದೇ ವರ್ಷ, ಗುರುತಿಲ್ಲದ ಗೋರಿಗಳ ಶೋಧದಲ್ಲಿ ಸಿಕ್ಕ ಒಬ್ಬರನ್ನು ಮೊದಲ ಮಹಾಯುದ್ಧದ ಯೋಧ ಸಿ. ಎಲ್. ಡೇನಿಯಲ್ ಎಂದು ಡಿಎನ್ಎ ಮೂಲಕ ಗುರುತಿಸಲಾಯಿತು. ಟಲ್ಸಾಗೆ ಹೆಸರು ಸಿಕ್ಕಿತು, ಜಾಗ ಸಿಕ್ಕಿತು. ನ್ಯಾಯಾಲಯದಲ್ಲಿ ಹೊಣೆ ಮಾತ್ರ ಯಾರ ಮೇಲೂ ನಿಲ್ಲಲಿಲ್ಲ.

ಇಲಿನಾಯ್‌ನ ಇವಾನ್‌ಸ್ಟನ್ ನಗರ 1919ರಿಂದ 1969ರ ನಡುವೆ ವಸತಿ ತಾರತಮ್ಯಕ್ಕೆ ಒಳಗಾದ ಕಪ್ಪು ನಿವಾಸಿಗಳಿಗೂ ಅವರ ಮಕ್ಕಳು ಮೊಮ್ಮಕ್ಕಳಿಗೂ ತಲಾ 25,000 ಡಾಲರ್ ನೆರವು ಕೊಡುವ ಯೋಜನೆಯನ್ನು 2021ರಲ್ಲಿ ಒಪ್ಪಿತು. ಹಣದ ಮೂಲ ಗಾಂಜಾ ಮಾರಾಟದ ತೆರಿಗೆ. ಯೋಜನೆಯ ವಿರುದ್ಧ 2024ರಲ್ಲಿ ಮೊಕದ್ದಮೆ ದಾಖಲಾಗಿದೆ.

ಸ್ಮಾರಕಗಳನ್ನು ಕೆಡಹುವುದು

ಅಂತರ್ಯುದ್ಧದಲ್ಲಿ ಹೋರಾಡಿದ ದಕ್ಷಿಣದ ಒಕ್ಕೂಟದ ಸೇನಾನಿಗಳ ಪ್ರತಿಮೆಗಳಲ್ಲಿ ಹೆಚ್ಚಿನವು ಯುದ್ಧ ಮುಗಿದು ದಶಕಗಳಾದ ಮೇಲೆ, ಪ್ರತ್ಯೇಕತೆಯ ಕಾನೂನುಗಳು ಬಿಗಿಯಾದ ಕಾಲದಲ್ಲಿ ಎದ್ದವು. 2015ರ ಜೂನ್‌ನಲ್ಲಿ ಚಾರ್ಲ್‌ಸ್ಟನ್‌ನ ಕಪ್ಪುಜನರ ಚರ್ಚಿನಲ್ಲಿ ಒಂಬತ್ತು ಜನರ ಹತ್ಯೆಯಾದ ಬಳಿಕ ಅವನ್ನು ತೆಗೆಯುವ ಕೂಗು ಬಲವಾಯಿತು. 2020ರಲ್ಲಿ ಪೊಲೀಸನೊಬ್ಬನ ಕೈಯಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ಮನುಷ್ಯನ ಕೊಲೆಯಾದ ನಂತರ ನೂರಕ್ಕೂ ಹೆಚ್ಚು ಚಿಹ್ನೆಗಳು ತೆರವಾದವು. ಷಾರ್ಲಟ್ಸ್‌ವಿಲ್‌ನಲ್ಲಿ ಆ ಒಕ್ಕೂಟದ ಸೇನಾನಿ ರಾಬರ್ಟ್ ಲೀ ಪ್ರತಿಮೆಯನ್ನು ಉಳಿಸಲೆಂದು 2017ರಲ್ಲಿ ವರ್ಣದ್ವೇಷಿಗಳು ಸೇರಿದಾಗ ಒಬ್ಬ ಯುವತಿ ಪ್ರಾಣ ಕಳೆದುಕೊಂಡರು. 2021ರಲ್ಲಿ ಪ್ರತಿಮೆಯನ್ನು ಇಳಿಸಿ, ಸ್ಥಳೀಯ ಆಫ್ರಿಕನ್-ಅಮೆರಿಕನ್ ಪರಂಪರೆ ಕೇಂದ್ರಕ್ಕೆ ಒಪ್ಪಿಸಿದರು. 2023ರಲ್ಲಿ ಆ ಕಂಚನ್ನು ಕರಗಿಸಿ ಗಟ್ಟಿಗಳನ್ನಾಗಿ ಮಾಡಲಾಯಿತು. ಅದರಿಂದ ಹೊಸ ಕಲಾಕೃತಿ ರೂಪಿಸುವುದು ಗುರಿ.

ಇತರ ದೇಶಗಳಲ್ಲಿ

ಘಾನಾದ ಕೇಪ್‌ಕೋಸ್ಟ್ ಕೋಟೆಯಲ್ಲಿ ಹಡಗಿಗೆ ಹತ್ತಿಸುತ್ತಿದ್ದ ಬಾಗಿಲಿಗೆ ‘ಮರಳಿ ಬಾರದ ಬಾಗಿಲು’ ಎಂದು ಹೆಸರು. 1998ರಲ್ಲಿ ಜಮೈಕ ಮತ್ತು ಅಮೆರಿಕದಿಂದ ಇಬ್ಬರು ಗುಲಾಮರ ಅಸ್ಥಿಗಳನ್ನು ಅದೇ ಬಾಗಿಲಿನಿಂದ ಒಳತಂದು, ಸೆರೆಯಾಳುಗಳು ಕೊನೆಯ ಸ್ನಾನ ಮಾಡುತ್ತಿದ್ದರೆನ್ನುವ ಅಸಿನ್ ಮಾನ್ಸೊ ಹೊಳೆಯ ಬಳಿ ಮಣ್ಣು ಮಾಡಿದರು. ರಿಯೊ ಡಿ ಜನೈರೊದಲ್ಲಿ 2011ರ ಕಾಮಗಾರಿಯಲ್ಲಿ ಬೆಳಕಿಗೆ ಬಂದ ವಲೊಂಗೊ ಹಡಗುಕಟ್ಟೆ 2017ರಲ್ಲಿ ವಿಶ್ವ ಪರಂಪರೆಯ ತಾಣವಾಯಿತು.

ಬ್ರಿಟನ್ 1833ರ ಕಾಯಿದೆಯಂತೆ ಗುಲಾಮಗಿರಿ ರದ್ದು ಮಾಡಿದಾಗ ಎರಡು ಕೋಟಿ ಪೌಂಡ್ ಪರಿಹಾರ ಕೊಟ್ಟಿತು; ಆದರೆ ಅದು ಹೋದದ್ದು ಮಾಲೀಕರಿಗೆ. ಪರಿಹಾರ ಪಡೆದವರ ವಿವರವನ್ನು ಲಂಡನ್ನಿನ ಯೂನಿವರ್ಸಿಟಿ ಕಾಲೇಜ್ ಈಗ ಸಾರ್ವಜನಿಕಗೊಳಿಸಿದೆ. ಬ್ರಿಸ್ಟಲ್‌ನಲ್ಲಿ 2020ರ ಜೂನ್ 7ರಂದು ಪ್ರತಿಭಟನಾಕಾರರು ಬಂದರಿಗೆ ಉರುಳಿಸಿದ ವರ್ತಕ ಎಡ್ವರ್ಡ್ ಕೋಲ್‌ಸ್ಟನ್‌ನ ಪ್ರತಿಮೆ ಈಗ ಬಣ್ಣ ಬಳಿದ ಸ್ಥಿತಿಯಲ್ಲೇ ಸಂಗ್ರಹಾಲಯ ಸೇರಿದೆ. ಫ್ರಾನ್ಸ್ 2001ರಲ್ಲಿ ಗುಲಾಮ ವ್ಯಾಪಾರವನ್ನು ಮನುಕುಲದ ವಿರುದ್ಧದ ಅಪರಾಧವೆಂದು ಕಾನೂನಿನಲ್ಲಿ ಸಾರಿತು. ನೆದರ್ಲೆಂಡ್ಸ್ ಪ್ರಧಾನಿ 2022ರಲ್ಲಿ, ದೊರೆ 2023ರ ಜುಲೈ 1ರ ವಿಮೋಚನಾ ದಿನದಂದು ಕ್ಷಮೆ ಕೇಳಿದರು. ಕೆರಿಬಿಯನ್ ರಾಷ್ಟ್ರಗಳ ಒಕ್ಕೂಟ 2014ರಲ್ಲಿ ಹತ್ತು ಅಂಶಗಳ ಪರಿಹಾರ ಬೇಡಿಕೆ ಮುಂದಿಟ್ಟಿದೆ. ವಿಶ್ವಸಂಸ್ಥೆ ಮಾರ್ಚ್ 25ನ್ನೂ ಯುನೆಸ್ಕೊ ಆಗಸ್ಟ್ 23ನ್ನೂ ಸ್ಮರಣೆಯ ದಿನಗಳಾಗಿ ಆಚರಿಸುತ್ತವೆ.

ಹಿಂದೂ ಮಹಾಸಾಗರ ಮತ್ತು ಕರ್ನಾಟಕದ ಸಿದ್ದಿಯರು

ಪೂರ್ವ ಆಫ್ರಿಕದಿಂದ ಅರಬ್, ಪೋರ್ಚುಗೀಸ್ ಹಡಗುಗಳಲ್ಲಿ ಭಾರತದ ಪಶ್ಚಿಮ ಕರಾವಳಿಗೂ ಗುಲಾಮರು ಬಂದರು. ಕರ್ನಾಟಕದ ಸಿದ್ದಿಯರಲ್ಲಿ ಬಹುಪಾಲು ಜನರ ಪೂರ್ವಿಕರು ಗೋವೆಯ ಪೋರ್ಚುಗೀಸರಲ್ಲಿ ಗುಲಾಮರಾಗಿದ್ದು, ತಪ್ಪಿಸಿಕೊಂಡೋ ಬಿಡುಗಡೆ ಹೊಂದಿಯೋ ಸಹ್ಯಾದ್ರಿಯ ಕಾಡು ಸೇರಿದವರೆಂದು ಭಾವಿಸಲಾಗಿದೆ. ಯಲ್ಲಾಪುರ, ಹಳಿಯಾಳ, ಅಂಕೋಲ, ಮುಂಡಗೋಡ ತಾಲ್ಲೂಕುಗಳಲ್ಲಿ ಅವರ ಊರುಗಳಿವೆ. ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಧರ್ಮದವರು ಅವರಲ್ಲಿದ್ದಾರೆ. ಅಟ್ಲಾಂಟಿಕ್ ವ್ಯಾಪಾರಕ್ಕಿರುವಷ್ಟು ಹಡಗಿನ ಪಟ್ಟಿ, ಮಾರಾಟಪತ್ರಗಳು ಇಲ್ಲಿ ಇಲ್ಲ. ಡಮಾಮಿ ವಾದ್ಯದ ಕುಣಿತ, ಹಿರಿಯರ ಪೂಜೆ, ಹಳೆಯ ಬಟ್ಟೆಯ ತುಂಡು ಜೋಡಿಸಿ ಹೆಂಗಸರು ಹೊಲಿಯುವ ಕೌದಿ ಇವೇ ಸಮುದಾಯದ ನೆನಪಿನ ಆಧಾರಗಳು. 2003ರಲ್ಲಿ ಉತ್ತರ ಕನ್ನಡದ ಸಿದ್ದಿಯರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿತು. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು. ಇಲ್ಲಿ ಮನ್ನಣೆ ಬಂದಿರುವುದು ಮೀಸಲಾತಿ, ಪ್ರಾತಿನಿಧ್ಯಗಳ ದಾರಿಯಲ್ಲಿ. ಗುಲಾಮಗಿರಿಯ ಸ್ಮಾರಕದ ರೂಪದಲ್ಲಿ ಅಲ್ಲ.

ಟೀಕೆ ಮತ್ತು ವಿವಾದ

ಮೊದಲ ವಿವಾದ ಅಧಿಕಾರದ್ದು: ಸ್ಮಾರಕ ಯಾರ ಕೈಯಲ್ಲಿರಬೇಕು? ಅಧ್ಯಕ್ಷ ಜೇಮ್ಸ್ ಮ್ಯಾಡಿಸನ್ನರ ತೋಟವಾಗಿದ್ದ ಮಾಂಟ್‌ಪೀಲಿಯರ್‌ನಲ್ಲಿ, ಅಲ್ಲಿ ದುಡಿದ ಗುಲಾಮರ ವಂಶಸ್ಥರಿಗೆ ಆಡಳಿತ ಮಂಡಳಿಯಲ್ಲಿ ಸಮಪಾಲು ಕೊಡುವುದಾಗಿ 2021ರಲ್ಲಿ ಒಪ್ಪಿ, ಮರುವರ್ಷ ಮಾತು ಹಿಂತೆಗೆದುಕೊಂಡರು. ದೇಶವ್ಯಾಪಿ ಟೀಕೆ ಬಂದ ಮೇಲೆ ತಿಂಗಳೆರಡರಲ್ಲೇ ವಂಶಸ್ಥರು ಸೂಚಿಸಿದ ಸದಸ್ಯರನ್ನು ಮಂಡಳಿಗೆ ಸೇರಿಸಿಕೊಂಡರು. ಎರಡನೆಯದು ಪಾಠದ ವಿವಾದ: 2021ರಿಂದ ಹಲವು ರಾಜ್ಯಗಳು ಶಾಲೆಗಳಲ್ಲಿ ವರ್ಣಭೇದದ ಬೋಧನೆಗೆ ಕಡಿವಾಣ ಹಾಕುವ ಕಾನೂನು ತಂದಿವೆ. ದೇಶವನ್ನು ಕೀಳಾಗಿ ತೋರಿಸುವ ಪ್ರದರ್ಶನಗಳನ್ನು ಸ್ಮಿತ್ಸೋನಿಯನ್ ಸಂಗ್ರಹಾಲಯಗಳಿಂದ ತೆಗೆಸಬೇಕೆಂದು 2025ರ ಮಾರ್ಚ್‌ನಲ್ಲಿ ಅಧ್ಯಕ್ಷರ ಆದೇಶ ಹೊರಬಿದ್ದಿದೆ. ನೆನೆಯುವುದರಿಂದ ಒಡಕು ಹೆಚ್ಚುತ್ತದೆ ಎಂಬುದು ಇಂಥ ಕ್ರಮಗಳನ್ನು ಬೆಂಬಲಿಸುವವರ ವಾದ. ಒಡಕು ಮೊದಲೇ ಇತ್ತು, ನೆನೆದಾಗ ಅದು ಕಣ್ಣಿಗೆ ಬೀಳುತ್ತದೆ ಅಷ್ಟೆ ಎಂಬುದು ವಿರೋಧಿಸುವವರ ಉತ್ತರ.

ಮೂರನೆಯದು ಹೊಣೆಯ ಪ್ರಶ್ನೆ. ಗುಲಾಮಗಿರಿಗೆ ಕ್ಷಮೆ ಕೇಳುವ ನಿರ್ಣಯವನ್ನು ಅಮೆರಿಕದ ಪ್ರತಿನಿಧಿ ಸಭೆ 2008ರಲ್ಲಿ, ಸೆನೆಟ್ 2009ರಲ್ಲಿ ಅಂಗೀಕರಿಸಿದವು. ಆದರೆ ಇದನ್ನು ಆಧಾರ ಮಾಡಿಕೊಂಡು ಯಾರೂ ಪರಿಹಾರ ಕೇಳುವಂತಿಲ್ಲ ಎಂದು ಸೆನೆಟ್ ಷರತ್ತು ಸೇರಿಸಿತು. ಪರಿಹಾರದ ಸಾಧ್ಯತೆಯನ್ನು ಅಧ್ಯಯನ ಮಾಡಲಷ್ಟೇ ಆಯೋಗ ಬೇಕೆಂದು ಪ್ರತಿನಿಧಿ ಸಭೆಯ ಸದಸ್ಯ ಜಾನ್ ಕಾನ್ಯರ್ಸ್ 1989ರಲ್ಲಿ ಮಂಡಿಸಿದ ಮಸೂದೆ ಮೂರು ದಶಕ ದಾಟಿದರೂ ಕಾನೂನಾಗಿಲ್ಲ. ಹೆಸರು ಹುಡುಕುವ, ಜಾಗ ಗುರುತಿಸುವ ಕೆಲಸವನ್ನು ಒಂದು ಚರ್ಚು, ಒಂದು ಶಾಲೆ, ಒಂದು ಕೌಂಟಿ ತಾನೇ ಮಾಡಿಕೊಳ್ಳಬಲ್ಲದು; ಈವರೆಗಿನ ಸಾಧನೆಯಲ್ಲಿ ಹೆಚ್ಚಿನದು ಹಾಗೆಯೇ ಆಗಿದೆ. ತಲೆಮಾರುಗಳಿಂದ ಕೈತಪ್ಪಿದ ಕೂಲಿ, ಮನೆ, ಭೂಮಿ, ಮತದ ಲೆಕ್ಕ ಊರ ಮಟ್ಟದಲ್ಲಿ ತೀರುವಂಥದ್ದಲ್ಲ. ಅದಕ್ಕೆ ಆ ಅನ್ಯಾಯವನ್ನು ಕಾನೂನು ಮಾಡಿ ನಡೆಸಿದ ಸರ್ಕಾರಗಳೇ ಲೆಕ್ಕಕ್ಕೆ ಕೂರಬೇಕೆಂಬುದು ವಂಶಸ್ಥರ ಸಂಘಟನೆಗಳ ನಿಲುವು.